ಐದನೆಯ ಕಲ್ಲು

ನಮ್ಮ ಅವ್ವನ ಹಟ ಎಂದರೆ ಹಟ. ನನ್ನ ಹೆರಿಗೆಯಾಗಿ ಮೂರು ತಿಂಗಳಾದರೂ ಗಂಗಾಪೂಜೆ ಮಾಡಿಸಿರಲಿಲ್ಲ. ಬಾಣಂತಿ ಐದು ಕಲ್ಲಿಟ್ಟು ಗಂಗೆಯನ್ನು ಪೂಜಿಸದೆ ಕೆಲಸಕ್ಕೆ ಇಳಿಯಬಾರದು ಎಂಬುದು ನಮ್ಮ ಕಲಬುರಗಿ ಕಡೆಯ ಪದ್ಧತಿ. ಮೆಹದಿಪಟ್ಟಣಂನ ನಮ್ಮ ಅಪಾರ್ಟ್‌ಮೆಂಟಿಗೋ ಬರುವುದು ಟ್ಯಾಂಕರ್ ನೀರು.

"ಲಾರ್ಯಾಗ ಬರೂ ಗಂಗವ್ವಗ ಏನ ಪೂಜಿ ಮಾಡ್ಲಿ? ಮಂದಿ ನಗ್ತಾರ!" ಎನ್ನುವಳು.

ಸೋಮವಾರ ನಾನು ಆಫೀಸಿಗೆ ಹೋಗಲೇಬೇಕಿತ್ತು. ಹೈಟೆಕ್ ಸಿಟಿಯಲ್ಲಿ ದಿನಕ್ಕೊಂದು ಕಂಪನಿ ಬಾಗಿಲು ತೆರೆಯುತ್ತಿದ್ದ ಕಾಲ. ನನ್ನ ಕುರ್ಚಿಯ ಮೇಲೆ ಎಷ್ಟೋ ಜನರ ಕಣ್ಣಿತ್ತು. ಅವ್ವ ಒಪ್ಪದಿದ್ದರೆ ಕೂಸನ್ನು ನೋಡಿಕೊಳ್ಳುವವರು ಯಾರು? ಅದಕ್ಕೇ ಭಾನುವಾರ ಎಲ್ಲರನ್ನೂ ಊರಾಚೆಯ ಬುಗ್ಗೆ ಪಾರ್ಕಿಗೆ ಹೊರಡಿಸಿದೆ. ಬಂಡೆಯೊಳಗಿಂದ ತಾನಾಗಿ ಉಕ್ಕುವ ನೀರು! ಇದಕ್ಕೂ ತಕರಾರು ತೆಗೆಯಲಿ, ನೋಡುತ್ತೇನೆ ಎಂದು ಒಳಗೊಳಗೇ ಹಲ್ಲು ಕಡಿದೆ.

ಅವ್ವನ ಕೈಯಲ್ಲಿದ್ದ ಪೂಜೆಯ ತಟ್ಟೆ ನೋಡಿ ಗೇಟಿನ ಕಾವಲುಗಾರ ನಮ್ಮನ್ನು ತಡೆದ. "ಅಮ್ಮಾ, ಚಷ್ಮಾ ಬ್ಯಾಗ್‌ಮೇ ರಖ್ಖೋ, ಬಂದರಾಂ ಲೇಜಾತೇ. ಪಾನೀಮೇ ಹಲ್ದಿ ನಕ್ಕೋ ಡಾಲೋ."

ಮಂಗಗಳ ಭಯಕ್ಕೆ ಅವ್ವ ಕನ್ನಡಕ ಬಿಚ್ಚಿ ನನ್ನ ಚೀಲಕ್ಕೆ ಹಾಕಿದಳು. ಅರಿಶಿನ ನೀರಿಗೆ ಬೀಳದ ಹಾಗೆ ದಂಡೆಯ ಮೇಲೇ ಪೂಜೆ ಎಂದೂ ಒಪ್ಪಿಕೊಂಡಳು.

ಕೊಳದಲ್ಲಿ ಮಕ್ಕಳು ಧುಮುಕಿ ಕೇಕೆ ಹಾಕುತ್ತಿದ್ದರು. ಮಿಂಚುಳ್ಳಿಯೊಂದು ಯಾರಿಗೂ ಕ್ಯಾರೆ ಅನ್ನದೆ ಮೀನು ಹಿಡಿಯುತ್ತಿತ್ತು. "ಅಯ್ಯ, ನೀರು ಎಷ್ಟ ತಿಳಿ ಐತವ್ವಾ!" ಎಂದು ಅವ್ವ ಅರಳಿದಳು. ಜನವಿಲ್ಲದ ಮೂಲೆ ಹುಡುಕಿ ನಾಲ್ಕು ಕಲ್ಲು ಆಯ್ದು, ಕೆಸರಿನಲ್ಲಿ ಮೊದಲೇ ಕೂತಿದ್ದ ಐದನೆಯದರ ಪಕ್ಕ ಜೋಡಿಸಿದಳು. ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿದಳು. ನಾನು ಕಣ್ಣು ಮುಚ್ಚಿ ಕೈಮುಗಿದೆ.

ಮೈಸೂರಿನವನಾದ ನನ್ನ ಗಂಡ ಕೂಸನ್ನೆತ್ತಿಕೊಂಡು ಹಿಂದೆ ನಿಂತಿದ್ದ. ಇದ್ದಕ್ಕಿದ್ದಂತೆ ಕೂಗಿದ: "ಅತ್ತೆ, ಐದನೇ ಕಲ್ಲು ನಡ್ಕೊಂಡ್ ಹೋಗ್ತಿದೆ!"

ಆಮೆ! ಬೆನ್ನ ಮೇಲೆ ಅರಿಶಿನ ಕುಂಕುಮ ಹೊತ್ತು, ಯಾವ ಅವಸರವೂ ಇಲ್ಲದೆ ನೀರಿಗಿಳಿದು ಮುಳುಗಿತು. ಗಂಡ ನಕ್ಕೂ ನಕ್ಕೂ ನೆಲಕ್ಕೆ ಕೂತುಬಿಟ್ಟ. ನಾನು ಮಾತ್ರ ಗಾಬರಿಯಿಂದ ಅವ್ವನ ಕಡೆ ನೋಡಿದೆ. ಪೂಜೆ ಕೆಟ್ಟಿತು, ಅಪಶಕುನ ಎಂದು ಅವ್ವ ಅಂದರೆ ನನ್ನ ನೌಕರಿಯ ಕಥೆ ಮುಗಿದಂತೆ.

ಅವ್ವ ನೀರನ್ನೇ ನೋಡಿದಳು. ಆಮೇಲೆ ತಿರುಗಿ, ಹತ್ತಿರ ಬಂದು ನನ್ನ ಮುಖ ನೋಡಿದಳು. "ಗಂಗವ್ವ ತಾನೇ ಬಂದು ಪೂಜಿ ತಗೊಂಡು ಹೋದ್ಲು. ಇನ್ನೇನ ಬೇಕ? ನಾಳೆ ಹೋಗು ಕೆಲಸಕ್ಕ."

ಬದುಕಿದೆಯಾ ಬಡಜೀವವೇ ಅಂದುಕೊಂಡೆ. ನೀರಿನಲ್ಲಿ ಕಾಲು ಇಳಿಬಿಟ್ಟು ಉಸುಳಿ ತಿಂದೆವು; ಅರ್ಧ ಮಂಗಗಳ ಪಾಲಾಯಿತು.

ವಾಪಸು ಬರುವಾಗ ಆಟೋದಲ್ಲಿ ಮೆಲ್ಲಗೆ ಕೇಳಿದೆ: "ಖರೇ ಹೇಳವ್ವಾ, ಆಮಿ ಎದ್ದು ಹೋದದ್ದು ಶುಭಾನ?"

"ನನಗೇನ ಗೊತ್ತ?" ಎಂದಳು ಅವ್ವ, ಕನ್ನಡಕ ಒರೆಸಿಕೊಳ್ಳುತ್ತ. "ಚಷ್ಮಾ ಇಲ್ದ ಆಮಿ ಕಾಣ್ಲಿಲ್ಲ. ನಿನ್ನ ಮಾರಿ ಕಾಣ್ತು."