ಧರ್ಣಪ್ಪನ ಮೂಗು ಮತ್ತು ತೇವ ಹೀರುವ ಯಂತ್ರ

ಬಂಟ್ವಾಳ ತಾಲೂಕಿನ ಕಲ್ಲಡ್ಕದ ಆಚೆಗಿನ ಯಕ್ಷಗಾನ ಮೇಳವೊಂದರ ವೇಷಭೂಷಣ ಕಾಯುವವನು ಧರ್ಣಪ್ಪ. ಮೇ ಕೊನೆಯ ಪತ್ತನಾಜೆಗೆ ಮೇಳ ಆಟ ನಿಲ್ಲಿಸಿ ಗೆಜ್ಜೆ ಬಿಚ್ಚಿದರೆ ಮಳೆಗಾಲ ಕಳೆಯುವವರೆಗೆ ಕಿರೀಟ, ಭುಜಕೀರ್ತಿಗಳ ಪೆಟ್ಟಿಗೆಗಳೆಲ್ಲ ಅವನ ವಶ. ಪೆಟ್ಟಿಗೆ ಇಡುವ ಕೋಣೆಯ ಬಾಗಿಲಲ್ಲಿ ನಿಂತು ಒಮ್ಮೆ ಮೂಗೆಳೆದು, ಯಾವ ಪೆಟ್ಟಿಗೆಗೆ ಬೂಷ್ಟು ಹಿಡಿಯುತ್ತಿದೆಯೆಂದು ಹೇಳಿಬಿಡುತ್ತಿದ್ದ. ಆ ಮೂಗು ಕೊರೊನಾ ಬಂದುಹೋದಾಗ ಕೈಕೊಟ್ಟಿತು. ಈಗ ಅವನಿಗೆ ಮಲ್ಲಿಗೆಯೂ ಒಂದೇ, ಒಣಮೀನೂ ಒಂದೇ. ಗೊತ್ತಾದರೆ ಕೆಲಸ ಹೋಗುತ್ತದೆಂಬ ಹೆದರಿಕೆಗೆ ಯಾರಿಗೂ ಹೇಳಿಲ್ಲ. ಸಾರು ಘಮಘಮ ಅಂತದೆ ಎಂದು ಹೆಂಡತಿ ವಾರಿಜಾಕ್ಷಿಯ ಹತ್ತಿರವೂ ದಿನಾ ಸುಳ್ಳು.

ಈ ಮಳೆಗಾಲದ ಆರಂಭದಲ್ಲಿ ಮೇಳದ ವ್ಯವಸ್ಥೆ ನೋಡುವ ಶಶಿಪ್ರಭಾ ಒಂದು ಯಂತ್ರ ತಂದಿಟ್ಟರು. ಗಾಳಿಯ ತೇವ ಹೀರಿ ಡಬ್ಬಕ್ಕೆ ನೀರಿಳಿಸುವಂಥದ್ದು.

"ಇನ್ನು ಕೋಣೆ ಒಣಗಿಸ್ಲಿಕ್ಕೆ ಕೆಂಡ ಇಡುವುದು ಬೇಡ ಧರ್ಣಪ್ಪಣ್ಣ. ಇದಕ್ಕೆ ಕರೆಂಟು ಹೆಚ್ಚು ಬೇಡ. ಸಾಕಷ್ಟು ಒಣಗಿದರೆ ತನ್ನಷ್ಟಕ್ಕೆ ನಿಲ್ತದೆ," ಎಂದು ಹೇಳಿ ಮಂಗಳೂರಿಗೆ ಹೋದರು. ಕಿಟಕಿಯ ವಿಷಯ ಅವರು ಹೇಳಲಿಲ್ಲ, ಇವನು ಕೇಳಲಿಲ್ಲ.

ಯಂತ್ರ ಗುರುಗುಟ್ಟಿ ಗುರುಗುಟ್ಟಿ ನಿಂತಿತು. ಧರ್ಣಪ್ಪನಿಗೆ ತಲೆಬಿಸಿ ಶುರುವಾಯಿತು. ಡಬ್ಬ ತುಂಬಿದರೂ ನಿಲ್ಲುತ್ತದೆ, ಒಣಗಿದರೂ ನಿಲ್ಲುತ್ತದೆ, ಹಾಳಾದರೂ ನಿಲ್ಲಬಹುದು. ಇದು ಯಾವ ನಿಲ್ಲುವುದು ಮಾರಾಯ? ಯಂತ್ರದ ಮುಖದ ಮೇಲೆ ಐವತ್ತೈದು ಎಂದು ಹೊಳೆಯುತ್ತಿತ್ತು. ಅಂಕವೆಂದರೆ ಅವನಿಗೆ ಪರೀಕ್ಷೆಯ ಅಂಕ. ಮಗಳು ವಿಸ್ಮಿತಾ ಗಣಿತದಲ್ಲಿ ಐವತ್ತೈದು ತಂದ ದಿನ ಅವನಿಗೆ ಊಟ ಸೇರಿರಲಿಲ್ಲ.

ಅಷ್ಟರಲ್ಲಿ ಮಳೆ ಬಿಟ್ಟು ಸ್ವಲ್ಪ ಬಿಸಿಲು ಬಂತು. ಬಿಸಿಲು ಕಂಡರೆ ಕಿಟಕಿ ತೆರೆಯುವುದು ಊರಿಗೆ ಊರೇ ಮಾಡುವ ಕೆಲಸ. ಅವನೂ ತೆರೆದ. ಯಂತ್ರ ಕೂಡಲೇ ಎದ್ದು ದುಡಿಯತೊಡಗಿತು, ಅಂಕ ಏರಿ ಎಂಬತ್ತು ದಾಟಿತು. ಧರ್ಣಪ್ಪ ಖುಷಿಯಲ್ಲಿ ಅದರ ಬೆನ್ನು ತಟ್ಟಿದ. ಆಮೇಲೆ ಕಿಟಕಿ ಮುಚ್ಚಲೇ ಇಲ್ಲ.

ಡಬ್ಬ ಚೆಲ್ಲಿ ಚೆಲ್ಲಿ ಸೊಂಟ ಹಿಡಿಯಿತು. ಇಷ್ಟು ನೀರು ತೆಗೆದರೂ ಮುಗಿಯುವುದಿಲ್ಲವಲ್ಲ, ಇದೇನು ಕೋಣೆಯೋ ಬಾವಿಯೋ ಎಂಬ ಸಂಶಯ ಬಂತು. ಆದರೆ ಸಂಶಯವನ್ನು ಯಾರಲ್ಲಿ ಕೇಳುವುದು? ಕೇಳಿದರೆ, ನಿನ್ನ ಮೂಗಿಗೆ ಏನಾಗಿದೆ ಎಂದು ಅವರು ಕೇಳುತ್ತಾರೆ.

ಆಗಸ್ಟ್ ಕೊನೆಗೆ, ಸೋಣ ತಿಂಗಳಲ್ಲಿ ಶಶಿಪ್ರಭಾ ಬಂದವರು ಬಾಗಿಲಲ್ಲೇ ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ಎಂತ ವಾಸನೆ ಇದು ಧರ್ಣಪ್ಪಣ್ಣ!"

"ವಾಸನೆಯಾ? ಎಂಬತ್ತೆಂಟು ಉಂಟಲ್ಲ ಅಕ್ಕ!"

"ಅಯ್ಯೋ, ಅದು ಗಾಳಿಯ ತೇವದ ಲೆಕ್ಕ! ಕಡಿಮೆ ಇದ್ದರೆ ಒಳ್ಳೆಯದು. ಕಿಟಕಿ ತೆರೆದಿಟ್ಟರೆ ಅದು ಇಡೀ ಬಂಟ್ವಾಳವನ್ನೇ ಒಣಗಿಸ್ಬೇಕಾ?" ಎನ್ನುತ್ತ ಕಿಟಕಿಗಳನ್ನು ದಡದಡ ಮುಚ್ಚಿದರು.

ಪೆಟ್ಟಿಗೆ ತೆರೆದರೆ ರಾಜವೇಷದ ಕಿರೀಟದ ಅಸ್ತರಿನ ತುಂಬ ಹಸಿರು ಬೂಷ್ಟು.

"ಮೊದಲೆಲ್ಲ ಹೊರಗೆ ನಿಂತೇ ಹೇಳ್ತಿದ್ದಿರಲ್ಲ ನೀವು?"

ಧರ್ಣಪ್ಪ ಕಿರೀಟವನ್ನು ಮುಖಕ್ಕೆ ಹಿಡಿದು ಉಸಿರೆಳೆದ. ಇನ್ನೊಮ್ಮೆ ಎಳೆದ. "ಎಂತದೂ ಬರುವುದಿಲ್ಲ ಅಕ್ಕ," ಎಂದ. "ಕೊರೊನಾ ಆದ ಮೇಲೆ ಬರುವುದೇ ಇಲ್ಲ."

ಶಶಿಪ್ರಭಾ ಅವನ ಕೈಯಿಂದ ಕಿರೀಟ ತೆಗೆದು ಪೆಟ್ಟಿಗೆಯ ಮೇಲಿಟ್ಟರು. ಮತ್ತೆ ಮೆಲ್ಲಗೆ, "ಹೆದರ್ಬೇಡಿ, ಬೂಷ್ಟು ಒರೆಸಿ ಅಸ್ತರು ಬದಲಿಸುವ. ಕೆಲಸ ನಿಮ್ಮದೇ. ಅಂಕ ಅರವತ್ತು ದಾಟಿದರೆ ನನಗೆ ಫೋನ್ ಮಾಡಿ, ಅಷ್ಟೇ. ಇನ್ನು ಇದಕ್ಕೆ ಮೂಗು ಬೇಡ," ಎಂದರು.

ಹೋಗುತ್ತದೆಂದು ಅವನು ಇಷ್ಟು ಕಾಲ ಹೆದರಿದ್ದ ಕೆಲಸ ಉಳಿಯಿತು. ಸಂತೋಷಪಡಬೇಕಾದ ಹೊತ್ತಿನಲ್ಲಿ ಅಳು ಯಾಕೆ ಬಂತೆಂದು ಧರ್ಣಪ್ಪನಿಗೆ ತಿಳಿಯಲೇ ಇಲ್ಲ.