ಮಗು ಹೇಳಿದ್ದು ಬೋಲ್ತಾ

ನನ್ನ ಓರಗಿತ್ತಿ ಸುಮತಿ ತನ್ನ ಮಗಳಿಗೆ ವಿಷ ಉಣಿಸಲಿಲ್ಲ. ಉಣಿಸಿದೆ ಎಂದು ಅವಳು ನಂಬುವಂತೆ ಮಾಡಿದವಳು ನಾನು. ಬಾಯಿ ಬಿಟ್ಟು ಹಾಗೇನೂ ಹೇಳಲಿಲ್ಲ — ಹೇಳಬೇಕಾದದ್ದನ್ನು ಹೇಳದೆ ಉಳಿದೆ, ಅಷ್ಟೇ. ಆದರೆ ಆ ‘ಅಷ್ಟೇ’ಯೊಳಗೆ ಅವಳ ಇಷ್ಟು ವರ್ಷಗಳ ನೆಮ್ಮದಿ ಹೋಯಿತು. ಇನ್ನೊಂದೂ ಹೋಯಿತು, ಅದನ್ನು ಹೇಳಲು ನನಗೆ ಸ್ವಲ್ಪ ಹೊತ್ತು ಬೇಕು.

ನಾವು ಕುಂದಾಪುರದ ಕಡೆಯವರು. ನನ್ನವರಿಗೂ ಅವರ ತಮ್ಮನಿಗೂ ಇಲ್ಲಿ ಬಂಗಾಳದಲ್ಲಿ, ಬಿಬಿಡಿ ಬಾಗ್‌ನ ಬ್ಯಾಂಕುಗಳಲ್ಲಿ ಕೆಲಸ. ಲೇಕ್ ಮಾರ್ಕೆಟ್ ಹಿಂದಿನ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ಎರಡೂ ಸಂಸಾರ ಒಟ್ಟಿಗೇ ಇದ್ದೇವೆ. ನನಗೆ ಮಕ್ಕಳಿಲ್ಲ. ನಿಧಿಯನ್ನು ಸುಮತಿ ಹೆತ್ತಳು, ನಾನು ಎತ್ತಿ ಆಡಿಸಿದೆ. ದೊಡ್ಡಮ್ಮ ಎಂದರೆ ಆ ಹುಡುಗಿಗೆ ಪ್ರಾಣ. ಮನೆಯಲ್ಲಿ ನನಗೆ ಅರ್ಧ ಡಾಕ್ಟರ್ ಎಂದು ಹೆಸರಿತ್ತು. ಕೆಮ್ಮಿಗೆ ಕಷಾಯ, ಹೊಟ್ಟೆನೋವಿಗೆ ಓಮ, ಕೀಟ ಕಚ್ಚಿದರೆ ಸುಣ್ಣ — ಯಾರಿಗೆ ಏನಾದರೂ ಮೊದಲು ನನ್ನ ಕೋಣೆಯ ಬಾಗಿಲು ಬಡಿಯುತ್ತಿದ್ದರು. ನನಗೂ ಅದರಿಂದ ಸ್ವಲ್ಪ ತಲೆ ತಿರುಗಿತ್ತು ಎನ್ನಿ.

ಆ ಭಾನುವಾರ ಸುಮತಿ ಸಿಗಡಿ ಸುಕ್ಕ ಮಾಡಿದ್ದಳು. ನಮ್ಮ ಕಡೆ ಸಿಗಡಿಗೆ ಚಟ್ಲಿ ಎನ್ನುತ್ತೇವೆ. ನಿಧಿಗೆ ಆಗ ಎಂಟು ವರ್ಷ; ಎರಡು ಸಲ ಹಾಕಿಸಿಕೊಂಡು ಉಂಡಳು. ಸಂಜೆ ಸುಮತಿ ಮತ್ತು ಮೈದುನ ಹೌರಾದಲ್ಲಿ ಯಾರದೋ ಮನೆಯ ಸಮಾರಂಭಕ್ಕೆ ಹೋದರು. ನನ್ನವರು ಕುಂದಾಪುರಕ್ಕೆ ಹೋಗಿದ್ದರು. ನಿಧಿ ಮೇಲೆ ಛಾದ್‌ನಲ್ಲಿ ಆಡುತ್ತಿದ್ದಳು — ಈ ಊರಿಗೆ ಬಂದ ಮೇಲೆ ನಮಗೂ ತಾರಸಿ ಎನ್ನುವುದು ಮರೆತು ಛಾದ್ ಎಂದೇ ಆಗಿಬಿಟ್ಟಿದೆ. ನಾನು ಅಕ್ಕಿ ಆರಿಸುತ್ತಾ ಕೂತಿದ್ದೆ.

ಅವಳು ಕುತ್ತಿಗೆಯ ಹಿಂಬದಿ ಹಿಡಿದುಕೊಂಡು ಅಳುತ್ತಾ ಬಂದಳು. “ದೊಡ್ಡಮ್ಮ, ಬೋಲ್ತಾ... ಬೋಲ್ತಾ...”

ಹೊರಗಿನ ವ್ಯವಹಾರವೆಲ್ಲ ನನಗೆ ಹಿಂದಿಯಲ್ಲೇ. ಬೋಲ್ತಾ ಎಂದರೆ ‘ಹೇಳುತ್ತಾನೆ’. ಮೇಲಿನ ಮನೆಯ ಹುಡುಗರು ಏನೋ ಅಂದು ಅಳಿಸಿದ್ದಾರೆ ಎಂದುಕೊಂಡೆ.

“ಯಾರ್ ಎಂತ ಹೇಳ್ದ್ರ್? ಹೇಳ್ರೆ ಹೇಳ್ಲಿ ಬಿಡ್” ಎಂದೆ. ತಲೆ ಎತ್ತಲೂ ಇಲ್ಲ.

ಬಂಗಾಳಿಯಲ್ಲಿ ಬೋಲ್ತಾ ಎಂದರೆ ಕಣಜದ ಹುಳ. ಆ ಹುಳಕ್ಕೆ ನಮ್ಮ ಮಾತಿನಲ್ಲಿ ಏನೆನ್ನುತ್ತಾರೆ ಎಂದು ನಾವ್ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಶಾಲೆಯ ಗೆಳತಿಯರಿಂದ ಕಲಿತ ಹೆಸರನ್ನೇ ಮಗು ಹೇಳಿತು, ಸರಿಯಾಗಿಯೇ ಹೇಳಿತು. ನನ್ನ ಕಿವಿ — ಇರಲಿ.

ಸ್ವಲ್ಪ ಹೊತ್ತಿಗೆ ಅವಳು ಮೈ ಕೆರೆಯತೊಡಗಿದಳು. ಹೊಟ್ಟೆ, ಬೆನ್ನು, ತೊಡೆ, ಎಲ್ಲೆಡೆ ಕೆಂಪು ದದ್ದು ಎದ್ದಿತ್ತು. ನನಗೆ ಗೊತ್ತಿದ್ದ ಕಾಯಿಲೆ! ಪಿತ್ತದ ಗಂಧೆ. ನಮ್ಮಲ್ಲಿ ಇದಕ್ಕೆ ಡಾಕ್ಟರನ್ನು ಕರೆಯುವವರು ಯಾರು? ಕರಿ ಕಂಬಳಿಯಿಂದ ಮೈ ಉಜ್ಜುವುದು, ಪುನರ್ಪುಳಿ ಪಾನಕ ಕುಡಿಸುವುದು. ಎರಡೂ ಮನೆಯಲ್ಲಿದ್ದವು; ಪುನರ್ಪುಳಿ ಸಿಪ್ಪೆ ಲೇಕ್ ಮಾರ್ಕೆಟ್ಟಿನ ನಮ್ಮ ಕಡೆಯವರ ಅಂಗಡಿಯಿಂದ ಆ ವಾರವೇ ತಂದದ್ದು. ಕಂಬಳಿ ಹೊದಿಸಿ ಉಜ್ಜಿದೆ, ಲೋಟ ಬಾಯಿಗೆ ಹಿಡಿದೆ.

“ಹೊಟ್ಟೆ ನೋವು ದೊಡ್ಡಮ್ಮ” ಎಂದಳು. ದನಿ ಒಡಕಾಗಿತ್ತು, ಅವಳದಲ್ಲದ ದನಿ. ಅದನ್ನು ಗಮನಿಸಿದೆ. ಗಮನಿಸಿಯೂ ಹೇಳಿದೆ: “ಬರೀ ಪಿತ್ತ ಮಗಾ. ಎಂತದೂ ಆತಿಲ್ಲೆ.”

ಏನೂ ಆಗುವುದಿಲ್ಲ! ಆ ಮಾತು ಮುಗಿಯುವಷ್ಟರಲ್ಲಿ ಮಗು ಕೆಂಪಗೆ ವಾಂತಿ ಮಾಡಿಕೊಂಡಿತು. ಪುನರ್ಪುಳಿಯ ಬಣ್ಣ ಅದು, ಆದರೂ ಲೋಟ ಕೆಳಗಿಟ್ಟು ಅವಳ ಮುಖ ಬೆಳಕಿಗೆ ತಿರುಗಿಸಿದೆ. ತುಟಿ ಊದಿತ್ತು. ಉಸಿರಿಗೆ ಸುಂಯ್ ಸುಂಯ್ ಸದ್ದು ಸೇರಿತ್ತು. ಮುಖ ಬಿಳಿಚಿಕೊಂಡು ಕುತ್ತಿಗೆ ಒಂದು ಕಡೆ ವಾಲಿತು. ಎತ್ತಿ ಹೆಗಲಿಗೆ ಹಾಕಿಕೊಂಡು ಕೆಳಗೆ ಓಡಿದೆ.

ನೆಲಮಹಡಿಯಲ್ಲಿ ಡಾಕ್ಟರ್ ಮಾಶಿಮಾ ಅವರ ಚೇಂಬರ್. ಕಟ್ಟಡದವರಿಗೆಲ್ಲ ಅವರು ಮಾಶಿಮಾ, ಅಂದರೆ ಚಿಕ್ಕಮ್ಮ; ಅವರಿಗೆ ನಾನು ಬೌಮಾ, ಅಂದರೆ ಸೊಸೆ. ಮಕ್ಕಳ ವೈದ್ಯೆ, ವಯಸ್ಸಾದವರು, ಸಿಡುಕಿ, ನನ್ನ ಕಷಾಯಗಳ ಸುದ್ದಿ ಕೇಳಿ ಮೂಗು ಮುರಿಯುವವರು. ಮಗುವನ್ನು ನೋಡಿದ್ದೇ ಕೂಗಿದರು, “ಎತ್ತಿ ಹಿಡಿಯಬೇಡಿ! ಮಲಗಿಸಿ, ಮಲಗಿಸಿ! ಕಾಲು ಮೇಲೆ!” ಬೆಂಚಿನ ಮೇಲೆ ಮಲಗಿಸಿ ಕಾಲ ಕೆಳಗೆ ದಿಂಬು ಕೊಟ್ಟೆ. ಅವರು ಹೆಬ್ಬೆರಳು ಗಾತ್ರದ ಗಾಜಿನ ಸೀಸೆಯೊಂದರ ಕುತ್ತಿಗೆ ಮುರಿದು, ಸೂಜಿಗೆ ಎಳೆದು, ಅವಳ ತೊಡೆಯ ಹೊರಬದಿಗೆ ಚುಚ್ಚಿದರು.

ಆಮೇಲೆ ನಾನು ನೋಡಿದ್ದನ್ನು ಹೇಗೆ ಹೇಳಲಿ — ದೇವಸ್ಥಾನಗಳಲ್ಲಿ ಎಷ್ಟೋ ಸಲ ಕೈಮುಗಿದು ನಿಂತಿದ್ದೇನೆ. ಅರ್ಧ ಮನಸ್ಸು ಚಪ್ಪಲಿಯ ಮೇಲಿರುತ್ತಿತ್ತು. ಅಂದು ಆ ಬೆಂಚಿನ ಮುಂದೆ ಮಾತ್ರ ನಾನು ಪೂರ್ತಿಯಾಗಿ ನಿಂತಿದ್ದೆ. ಸೀಸೆಯಲ್ಲಿದ್ದದ್ದು ನೀರಿನಂಥದ್ದೇ ಏನೋ, ಚಮಚದ ತಳಕ್ಕೂ ಸಾಲದು. ಅದು ಒಳಗೆ ಹೋಗಿ ಎಲ್ಲಿ ಯಾರ ಬಾಗಿಲು ಬಡಿಯಿತೋ, ನಿಧಿಯ ತುಟಿಗೆ ಮೊದಲು ಬಣ್ಣ ಬಂತು. ಆಮೇಲೆ ಎದೆಯ ಸದ್ದು ತೆಳುವಾಯಿತು. ಆಮೇಲೆ ಅವಳು ಕಣ್ಣು ಬಿಟ್ಟು, ಬೇರೆ ಯಾರನ್ನೂ ಅಲ್ಲ, ನನ್ನನ್ನು ಹುಡುಕಿದಳು. ಒಂದು ಜೀವ ಹೊಸಲು ದಾಟಿ ಹೋಗಿ ತಿರುಗಿ ಬರುವುದನ್ನು ಕಣ್ಣಾರೆ ಕಂಡೆ.

“ಆಮ್‌ಬಾತ್ ಅಂದುಕೊಂಡಿರಾ?” ಎಂದರು ಮಾಶಿಮಾ. ನಮ್ಮ ಪಿತ್ತದ ಗಂಧೆಗೆ ಬಂಗಾಳಿಯಲ್ಲಿ ಆಮ್‌ಬಾತ್ ಎನ್ನುತ್ತಾರೆ. ನಮ್ಮ ಕಿವಿಗೆ ತಿಂಡಿಯ ಹೆಸರಿನ ಹಾಗೆ ಕೇಳುತ್ತದೆ. “ಬರೀ ದದ್ದಾದರೆ ಒಂದು ಮಾತು. ದದ್ದಿನ ಜೊತೆ ದನಿ ಬದಲಾದರೆ, ವಾಂತಿಯಾದರೆ, ಉಸಿರು ಕಟ್ಟಿದರೆ, ಅದು ಚರ್ಮದ ಕಾಯಿಲೆಯಲ್ಲ ಬೌಮಾ, ಪ್ರಾಣದ್ದು. ಆಗ ಕುಡಿಸುವುದು, ಉಜ್ಜುವುದು ಏನೂ ಬೇಡ. ಈ ಚುಚ್ಚುಮದ್ದು, ಆಸ್ಪತ್ರೆ. ಇಳಿದದ್ದು ಮತ್ತೆ ಏರಬಹುದು, ಇವತ್ತು ಅಲ್ಲೇ ಇರಲಿ.”

ಆಸ್ಪತ್ರೆಯಲ್ಲಿ ಎಳೆಯ ಡಾಕ್ಟರೊಬ್ಬರು ಕೇಳಿದರು: ಏನು ತಿಂದಿದ್ದಳು? ಸಿಗಡಿ ಎಂದೆ. ಏನಾದರೂ ಕಚ್ಚಿತ್ತೆ? ಇಲ್ಲ ಎಂದೆ. ಆಗ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಹೌರಾದಿಂದ ಓಡಿ ಬಂದ ಸುಮತಿ ಸಿಗಡಿ ಎಂಬ ಒಂದು ಪದ ಕೇಳಿ ತನ್ನೆರಡೂ ಕೈ ಮುಂದೆ ಹಿಡಿದು ನೋಡಿಕೊಂಡಳು. “ನನ್ ಕೈಯಾರೆ ನಾನೇ ವಿಷ ಹಾಕ್ದೆ ಅಕ್ಕ” ಎಂದಳು. ನಾನು ಅವಳ ಬೆನ್ನು ಸವರಿದೆ.

ಮರುದಿನ ಬೆಳಿಗ್ಗೆ ನಿಧಿಯ ತಲೆ ಬಾಚುವಾಗ, ಕುತ್ತಿಗೆಯ ಮೇಲೆ ಕೂದಲ ಮರೆಯಲ್ಲಿ ಗಟ್ಟಿಯಾದ ಬಾವು ಕೈಗೆ ಸಿಕ್ಕಿತು. ನಡುವೆ ಸೂಜಿಮೊನೆಯಷ್ಟು ಕಲೆ. ಜೇನುನೊಣವಾಗಿದ್ದರೆ ಮುಳ್ಳು ಅಲ್ಲೇ ಸಿಕ್ಕಿಕೊಂಡಿರುತ್ತಿತ್ತು, ಡಾಕ್ಟರ ಕಣ್ಣಿಗೆ ಬೀಳುತ್ತಿತ್ತೋ ಏನೋ. ಕಣಜ ಮುಳ್ಳು ಬಿಟ್ಟು ಹೋಗುವುದಿಲ್ಲ. ಮನೆಗೆ ಬಂದವಳೇ ಛಾದ್ ಹತ್ತಿದೆ. ಬಟ್ಟೆ ಒಣಹಾಕುತ್ತಿದ್ದ ಮೇಲಿನ ಮನೆಯಾಕೆ ನೀರಿನ ಟ್ಯಾಂಕಿನ ಅಡಿಗೆ ಕೈ ತೋರಿಸಿ ಎಚ್ಚರಿಸಿದಳು: “ಹತ್ತಿರ ಹೋಗಬೇಡಿ ದೀದಿ, ಬೋಲ್ತಾ!”

ಬಗ್ಗಿ ನೋಡಿದೆ. ಬೂದು ಬಣ್ಣದ, ಕಾಗದದಂಥ ಗೂಡು. ಅಳತೆ ಹಿಡಿದು ಕೊರೆದಂತೆ ಒಂದೊಂದು ಕೋಣೆ. ಹಳದಿ ಪಟ್ಟೆಯ ಹುಳಗಳು ಟ್ಯಾಂಕಿನಿಂದ ಸೋರಿದ ನೀರು ಕುಡಿದು ಬಂದು, ತಮ್ಮ ಪಾಡಿಗೆ ಗೋಡೆ ಕಟ್ಟುತ್ತಿದ್ದವು. ಎಂಥ ಕುಸುರಿ! ಅಷ್ಟು ಸಣ್ಣ ಜೀವ, ಅದರ ಮೊನೆಯಲ್ಲಿ ಅಷ್ಟು ದೊಡ್ಡ ಸಾವು. ಬೇರೆಯವರಿಗೆ ಒಂದು ದಿನದ ಉರಿ, ನಮ್ಮ ಮಗುವಿಗೆ ಮಾತ್ರ ಇಡೀ ಮೈಯ ದಂಗೆ. ಅದೇಕೆ ಹಾಗೆ ಎಂದು ಇಂದಿಗೂ ಬೆರಗಾಗುತ್ತದೆ. ಅಲ್ಲಿ ನಿಂತಾಗಲೇ ‘ಬೋಲ್ತಾ, ಬೋಲ್ತಾ’ ಎಂಬ ಮಗುವಿನ ಅಳು ನನಗೆ ಮೊದಲ ಬಾರಿಗೆ ಕೇಳಿಸಿತು.

ಕೆಳಗಿಳಿದು ಹೇಳಿಬಿಡಬೇಕಿತ್ತು. ಹೇಳಿದರೆ ಎಲ್ಲವೂ ಹೇಳಬೇಕಲ್ಲ — ಮಗು ಬಂದು ಹೇಳಿತ್ತು, ನಾನು ಅಕ್ಕಿ ಆರಿಸುತ್ತಿದ್ದೆ, ಕಂಬಳಿ ಉಜ್ಜಿದೆ, ಪಾನಕ ಕುಡಿಸಿದೆ, ದನಿ ಒಡೆದದ್ದು ಕೇಳಿಯೂ... ಅರ್ಧ ಡಾಕ್ಟರಳ ಮಾನ ಬೀದಿಪಾಲಾಗುತ್ತಿತ್ತು. ಕಾವಲುಗಾರನಿಗೆ ಹೇಳಿ ಗೂಡು ತೆಗೆಸಿದೆ. ಮೈಗೆ ಒಗ್ಗದ್ದು ಯಾವುದೆಂದು ಪರೀಕ್ಷೆ ಮಾಡಿಸಿ ಎಂದು ಮಾಶಿಮಾ ಹೇಳಿದರೆ, ಸಿಗಡಿ ಬಿಟ್ಟರಾಯಿತಲ್ಲ ಎಂದು ತೇಲಿಸಿಬಿಟ್ಟೆ.

ಇನ್ನೊಂದು ಎಂದೆನಲ್ಲ, ಅದು ಇದು. ಚೇತರಿಸಿಕೊಂಡ ನಿಧಿ ನನ್ನ ಮಡಿಲಲ್ಲಿ ಮಲಗಿ, “ದೊಡ್ಡಮ್ಮ, ಬೋಲ್ತಾ ಕಚ್ಚಿತ್ತು” ಎಂದಳು. ಈ ಸಲ ಕೈಯಿಂದ ಹಾರುವ ಹುಳ ಮಾಡಿ ತೋರಿಸಿದಳು. ನಾನು ಅವಳ ಹಣೆ ನೇವರಿಸುತ್ತಾ ಹೇಳಿದೆ: “ಅದ್ ನಿಂಗ್ ಕನ್ಸ್ ಬಿದ್ದದ್ದ್ ಮಗಾ.”

ಅವಳು ಮತ್ತೆಂದೂ ಆ ಮಾತೆತ್ತಲಿಲ್ಲ.

ಸುಮತಿ ಸಿಗಡಿ ಮುಟ್ಟುವುದನ್ನೇ ಬಿಟ್ಟಳು. ಮಾಡುವುದಿಲ್ಲ, ತಿನ್ನುವುದಿಲ್ಲ, ಮೀನು ಮಾರ್ಕೆಟ್ಟಿನಲ್ಲಿ ಆ ಸಾಲಿಗೆ ಹೋಗುವುದಿಲ್ಲ. ಮಗಳು ಸೀನಿದರೂ ಎದ್ದು ಕೂರುವಳು. ಒಬ್ಬ ತಾಯಿ ಇಷ್ಟು ಕಾಲ ಹೀಗೆ ತನ್ನನ್ನೇ ಕಾಯುತ್ತಾ ಬದುಕಬಲ್ಲಳೆಂದು ನನಗೆ ಗೊತ್ತಿರಲಿಲ್ಲ. ಅದೇ ಮನೆಯಲ್ಲಿ, ಅವಳ ಎದುರೇ ಕೂತು ನಾನು ಉಂಡೆ.

ನಿಧಿ ಈಗ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಕಳೆದ ತಿಂಗಳು ಗೆಳತಿಯ ಮದುವೆಯಲ್ಲಿ ಬಾಳೆಹೂವಿನ ಪಲ್ಯ ಎರಡು ಸಲ ಬಡಿಸಿಕೊಂಡು ತಿಂದ ಮೇಲೆ, ಅದರಲ್ಲಿ ಸಣ್ಣ ಸಿಗಡಿ ಹಾಕಿದ್ದಾರೆಂದು ತಿಳಿಯಿತಂತೆ. ಹೆದರಿ ಕಾದಳು. ಏನೂ ಆಗಲಿಲ್ಲ. ಮನೆಗೆ ಬಂದು ಹೇಳಿದಾಗ ಸುಮತಿ ದೇವರ ಮುಂದೆ ಕೂತು ಅತ್ತಳು. “ದೇವ್ರ್ ಕಣ್ ಬಿಟ್ಟ ಅಕ್ಕ” ಎಂದಳು. ನಾನು ಹೌದೆಂದು ತಲೆಯಾಡಿಸಿದೆ. ಅಷ್ಟು ನೀಚತನ ಇನ್ನೂ ನನ್ನಲ್ಲಿ ಉಳಿದಿತ್ತು.

ಆದರೆ ಮೊನ್ನೆ ನಿಧಿ ಸುಂದರಬನಕ್ಕೆ ಹೊರಡಲು ಚೀಲ ಕಟ್ಟುತ್ತಿದ್ದಳು. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಅಧ್ಯಯನ, ದೋಣಿಯಲ್ಲಿ ಓಡಾಟ, ಸುತ್ತ ಜೇನು, ಕಣಜ. ಸದಾ ಜೊತೆಗಿರುತ್ತಿದ್ದ ಔಷಧದ ಡಬ್ಬಿಯನ್ನು ತೆಗೆದು ಕಪಾಟಿನ ಮೇಲಿಟ್ಟಳು. ಮತ್ತೆ ಹಾಗಾದರೆ ಕೈಗೆ ಸಿಗಲಿ ಎಂದು ಮಾಶಿಮಾ ಹೇಳಿ ಇಡಿಸಿದ್ದು, ಅಂಥದೇ ಗಾಜಿನ ಸೀಸೆ, ಸೂಜಿ ಇದ್ದ ಡಬ್ಬಿ. “ಇನ್ನು ಇದು ಬೇಡ, ನೋ?” ಎಂದು ನಕ್ಕಳು. ಅಡುಗೆಮನೆಯಲ್ಲಿ ಸುಮತಿ ಇಷ್ಟು ವರ್ಷಗಳ ನಂತರ ತಂದ ಸಿಗಡಿ ತೊಳೆಯುತ್ತಿದ್ದಳು.

ನಾನು ಬಾಗಿಲಲ್ಲಿ ನಿಂತು ಇಬ್ಬರಿಗೂ ಕೇಳುವಂತೆ ಹೇಳಿದೆ. ಅಕ್ಕಿ, ಕಂಬಳಿ, ‘ಎಂತದೂ ಆತಿಲ್ಲೆ’ ಎಂದದ್ದು, ಗೂಡು, ಕನಸು, ಯಾವುದನ್ನೂ ಬಿಡಲಿಲ್ಲ.

ನಿಧಿ ಕಟ್ಟುತ್ತಿದ್ದ ಚೀಲವನ್ನು ಬದಿಗೆ ಸರಿಸಿದಳು. ಆಮೇಲೆ ಕುತ್ತಿಗೆಯ ಹಿಂದೆ ಕೈ ಇಟ್ಟುಕೊಂಡು ಕೇಳಿದಳು: “ಐ ಟೋಲ್ಡ್ ಯು, ನೋ ದೊಡ್ಡಮ್ಮ? ನಾನು ಹೇಳಿದ್ದೆ ಅಲ್ವಾ? ಹುಳದ ಸೌಂಡ್ ಕೇಳಿದ್ರೆ ಈಗ್ಲೂ ನಡುಗ್ತೀನಿ. ಒಂದು ಕನಸಿಗೆ ಇಷ್ಟು ಹೆದರ್ತೀನಲ್ಲ, ನಂಗೇ ಏನೋ ಪ್ರಾಬ್ಲಮ್ ಅಂದ್ಕೊಂಡಿದ್ದೆ.”

“ನೀನ್ ಹೇಳಿದ್ದೆ ಮಗಾ” ಎಂದೆ. ಅವಳು ಎದ್ದು ಡಬ್ಬಿಯನ್ನು ಚೀಲಕ್ಕೆ ಹಾಕಿದಳು. ಪರೀಕ್ಷೆಗೆ ಯಾವ ಡಾಕ್ಟರ ಬಳಿ ಹೋಗಬೇಕೆಂದು ಫೋನಿನಲ್ಲಿ ವಿಚಾರಿಸಿ, ಪ್ರಯಾಣ ಮುಂದಕ್ಕೆ ಹಾಕಿದಳು.

ಸುಮತಿ ತಿರುಗಿ ನೋಡಲಿಲ್ಲ. ನಲ್ಲಿ ಹರಿಯುತ್ತಲೇ ಇತ್ತು. “ನೀವ್ ಹೊರ್ಗ್ ಕೂಕಣಿ ಅಕ್ಕ. ನಾ ಅಡ್ಗಿ ಮಾಡ್ಕ್” ಎಂದಳು.

ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಹೊರಗೆ ಕೂತೆ. ಕಾಯಿ ಹುರಿದ ವಾಸನೆ ಬಂತು, ಹುಣಸೆ, ಮೆಣಸು — ಆ ಭಾನುವಾರದ್ದೇ ವಾಸನೆ. ಎಲ್ಲರೂ ಊಟಕ್ಕೆ ಕೂತಾಗ ಅವಳು ಎಂದಿನಂತೆ ಹಿರಿಯಳಾದ ನನಗೇ ಮೊದಲು ಬಡಿಸಿದಳು. ನನ್ನ ಕೈ ತಟ್ಟೆಯ ಮೇಲೆ ಹಾಗೆಯೇ ನಿಂತಿತ್ತು.

ನಾನು ಎಲ್ಲ ಹೇಳಿದ ಮೇಲೆ ಅವಳು ಮೊದಲ ಬಾರಿಗೆ ನನ್ನ ಮುಖ ನೋಡಿದಳು.

“ಉಣ್ಣಿ ಅಕ್ಕ” ಎಂದಳು. “ಎಂತದೂ ಆತಿಲ್ಲೆ.”