ಕಂಡಕ್ಟರನ ಧ್ವನಿಪೆಟ್ಟಿಗೆ

ಬಸ್ ಕಂಡಕ್ಟರನಾಗಿದ್ದ ಅವನನ್ನು ಬೀದಿಯವರೆಲ್ಲ ಕಹಳೆ ಎಂದೇ ಕರೆಯುತ್ತಿದ್ದರು. ನಿಲ್ದಾಣದ ಈ ತುದಿಯಲ್ಲಿ ನಿಂತು ಊರುಗಳ ಹೆಸರು ಕೂಗಿದನೆಂದರೆ ಆ ತುದಿಯ ಬೆಂಚಿನಲ್ಲಿ ತೂಕಡಿಸುತ್ತಿದ್ದವರು ಎದ್ದು ಓಡಿಬರುತ್ತಿದ್ದರು. ಅದೇ ಗಂಟಲಿನಲ್ಲಿ, ತಂದೆ ತೀರಿಕೊಂಡ ದಿನ, ಆಸ್ಪತ್ರೆಯಲ್ಲಿ ಎಲ್ಲರೆದುರು ಅಣ್ಣನ ಮೇಲೆ ಕೂಗಿಬಿಟ್ಟಿದ್ದ: “ಅಪ್ಪನ್ನ ಕೊಂದಿದ್ದು ನೀನೇ!”

ಇನ್ನು ನರಳಿಸುವುದು ಬೇಡ, ಉಸಿರಾಟದ ಯಂತ್ರ ತೆಗೆದುಬಿಡೋಣವೆಂದು ವೈದ್ಯರು ಹೇಳಿದಾಗ, ತಮ್ಮನನ್ನು ಒಂದು ಮಾತೂ ಕೇಳದೆ ಅಣ್ಣ ಹೂಂ ಅಂದಿದ್ದ. ಅದೇ ಅವನ ತಪ್ಪು. ಬೈಗುಳಕ್ಕೆ ಅಣ್ಣ ತಿರುಗಿ ಕೂಗಲಿಲ್ಲ. “ಇದನ್ನ ನಿನ್ನ ಬಾಯಿಂದಲೇ ವಾಪಸ್ ತಗೋ. ಅಲ್ಲೀವರೆಗೂ ನಂಗೂ ನಿಂಗೂ ಮಾತಿಲ್ಲ” ಅಂದು ಹೊರಟುಹೋದ.

ಹಠದಲ್ಲಿ ಅಣ್ಣತಮ್ಮ ಇಬ್ಬರೂ ಒಂದೇ ಅಚ್ಚು. ವರ್ಷಗಳು ಹಾಗೇ ಕಳೆದವು. ಆಮೇಲೆ ತಮ್ಮನ ಗಂಟಲಿಗೆ ಕೆಟ್ಟ ಕಾಯಿಲೆ ಬಂದು, ಜೀವ ಉಳಿಸಲು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಬೇಕಾಯಿತು. ಅಂದಿನಿಂದ ಅವನ ಪರವಾಗಿ ಮಾತಾಡುತ್ತಿದ್ದದ್ದು ಮನೆಯ ಹಳೇ ಕಂಪ್ಯೂಟರು. ಅವನು ಟೈಪ್ ಮಾಡುತ್ತಿದ್ದ, ಅದು ಗಟ್ಟಿಯಾಗಿ ಓದಿ ಹೇಳುತ್ತಿತ್ತು.

ಆ ಬೆಳಿಗ್ಗೆ ಓರಗಿತ್ತಿಯ ಫೋನು ಬಂದಾಗ ಅವನ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಓರಗಿತ್ತಿ ಆಸ್ಪತ್ರೆಯಿಂದ ಮಾತಾಡುತ್ತಿದ್ದಳು. “ನಿಮ್ಮ ಭಾವಂಗೆ ಇವತ್ತೇ ಹೃದಯದ ಆಪರೇಷನ್ ಕಣೇ. ಉಳೀತಾರೋ ಇಲ್ವೋ ಡಾಕ್ಟರೂ ಹೇಳ್ತಿಲ್ಲ. ಒಳಗೆ ಕರ್ಕೊಂಡು ಹೋಗೋ ಮುಂಚೆ ಫೋನ್ ಮಾಡ್ತೀನಿ. ಆ ಕಂಪ್ಯೂಟರಲ್ಲಾದ್ರೂ ನಿನ್ನ ಗಂಡನೇ ಮಾತಾಡ್ಲಿ. ನೀನು ಮಧ್ಯೆ ಬಾಯಿ ಹಾಕಿದ್ರೆ ಇವರು ಕೇಳೋರಲ್ಲ.”

ಸುದ್ದಿ ಕೇಳಿದವನೇ ಅವನು ಕಂಪ್ಯೂಟರಿನ ಗುಂಡಿ ಒತ್ತಿದ. ಒಳಗೆ ಫ್ಯಾನು ಗುಂಯ್ ಅಂದಿತು. ಬೀಪ್, ಬೀಪ್, ಬೀಪ್. ಪರದೆ ಮಾತ್ರ ಕಪ್ಪಗೇ ಇತ್ತು.

ಆರಿಸಿ ಮತ್ತೆ ಹಾಕಿದ. ಅದೇ ಬೀಪು. ಅವಳು ಪರದೆಯ ವೈರನ್ನು ಬಿಚ್ಚಿ ಬಿಗಿಯಾಗಿ ಸಿಕ್ಕಿಸಿದಳು. ಊಹೂಂ. ಅವನ ಕೈ ಎಷ್ಟು ನಡುಗುತ್ತಿತ್ತೆಂದರೆ ಸ್ಲೇಟಿನ ಮೇಲೆ ಬರೆದದ್ದು ಕೋಳಿ ಕೆದರಿದ ಹಾಗಿತ್ತು: “ಬೀಪ್ ಅಂದ್ರೆ ಮೆಮೊರಿ ಪಟ್ಟಿ. ಬಿಚ್ಚು.”

“ನಾನಾ? ಸುಟ್ಟುಗಿಟ್ಟು ಹೋದ್ರೆ?”

ಅವನು ಮೇಜು ಗುದ್ದಿದ. ಅವಳಿಗೂ ರೇಗಿತು. “ಗುದ್ದಿದ್ರೆ ಸರಿಹೋಗತ್ತಾ? ಸುಮ್ನೆ ಕೂತು ದಾರಿ ತೋರಿಸಿ!”

ಪ್ಲಗ್ಗು ಕಿತ್ತು, ಹೊಲಿಗೆ ಯಂತ್ರದ ಖಾನೆಯಿಂದ ತಿರುಪುಳಿ ತಂದು ಪಕ್ಕದ ತಗಡು ಬಿಚ್ಚಿದಳು. ಒಳಗೆ ಧೂಳು ಹತ್ತಿಯಂತೆ ಕಟ್ಟಿತ್ತು. ಬ್ರಷ್ಷಿನಿಂದ ಮೆಲ್ಲಗೆ ಗುಡಿಸಿದಳು. ಅವನು ಬೆರಳು ತೋರಿದ ಕಡೆ ಎರಡೂ ಕೊಂಡಿ ಸರಿಸಿದಾಗ ಉದ್ದನೆಯ ಪಟ್ಟಿ ಮೇಲೆದ್ದಿತು. ಅದರ ಹಿತ್ತಾಳೆ ಬಣ್ಣದ ಅಂಚು ಕಪ್ಪಿಟ್ಟಿತ್ತು. ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಊದಿ, ಮತ್ತೆ ಅದರ ಜಾಗದಲ್ಲಿಟ್ಟು ಒತ್ತಿದಳು. ಒಂದು ಕಡೆ ಟಕ್ ಅಂದಿತು. ಇನ್ನೊಂದು ಕಡೆ ಅನ್ನಲಿಲ್ಲ. ಇನ್ನೂ ಒತ್ತಲು ಭಯ. ಅವನು ತಲೆಯಾಡಿಸಿದ, ಒತ್ತು, ಒತ್ತು. ಉಸಿರು ಬಿಗಿಹಿಡಿದು ಹೆಬ್ಬೆರಳಿನ ಭಾರ ಬಿಟ್ಟಳು. ಟಕ್!

ಪರದೆಯಲ್ಲಿ ಬಿಳಿ ಅಕ್ಷರ ಮೂಡಿತು. ಅಷ್ಟರಲ್ಲೇ ಫೋನು ಹೊಡೆದುಕೊಂಡಿತು.

“ಅಕ್ಕಾ, ಒಂದೇ ನಿಮಿಷ!”

“ಸ್ಟ್ರೆಚರ್ ತಂದ್ಬಿಟ್ಟಿದ್ದಾರೆ ಕಣೇ!”

ಕಂಪ್ಯೂಟರು ಮಾತ್ರ ತನ್ನ ಗಡಿಯಾರ ತಪ್ಪಿದೆಯೆಂದು ಹೇಳಿ ನಿಂತುಬಿಟ್ಟಿತ್ತು. ಒಳಗಿನ ಬಿಲ್ಲೆಯಂಥ ಬ್ಯಾಟರಿ ಯಾವತ್ತೋ ಸತ್ತಿರಬೇಕು. ಅವನು ಒಂದು ಕೀಲಿ ಒತ್ತಿ ಅದನ್ನು ಮುಂದಕ್ಕೆ ದಾಟಿಸಿದ. ಎಲ್ಲ ತೆರೆದುಕೊಳ್ಳುವಷ್ಟರಲ್ಲಿ ಇಬ್ಬರ ಜೀವ ಬಾಯಿಗೆ ಬಂದಿತ್ತು. ಎರಡು ಬೆರಳಲ್ಲಿ ಟಪಟಪ ಟೈಪ್ ಮಾಡಿ ಓದು ಎಂಬ ಗುಂಡಿ ಒತ್ತಿದ. ಸದ್ದಿಲ್ಲ. ಮತ್ತೆ ಒತ್ತಿದ. ಇಲ್ಲ.

ಅವಳು ಹಿಂದೆ ಬಗ್ಗಿ ನೋಡಿದಳು. ತಗಡು ಬಿಚ್ಚುವ ಗಡಿಬಿಡಿಯಲ್ಲಿ ಸ್ಪೀಕರಿನ ವೈರು ಜಾರಿಬಿದ್ದಿತ್ತು. ಸಾಲಾಗಿ ಮೂರು ಬಣ್ಣದ ಮೂರು ತೂತು. “ಯಾವ್ದು ರೀ?” ಅವನು ಅವಳ ಸೆರಗಿನ ಹಸಿರು ಅಂಚನ್ನು ಹಿಡಿದೆಳೆದ. ಹಸಿರು ತೂತಿಗೆ ಸಿಕ್ಕಿಸಿದಳು. ರಿಸೀವರನ್ನು ಸ್ಪೀಕರಿನ ಬಾಯಿಗೆ ಒತ್ತಿಹಿಡಿದಳು.

“ಅಣ್ಣಾ. ಅವತ್ತು ನಾನು ಅಂದಿದ್ದು ತಪ್ಪು. ಆ ಮಾತು ವಾಪಸ್ ತಗೊಂಡಿದ್ದೀನಿ.”

ಏರಿಳಿತವಿಲ್ಲದ, ತಗಡಿನಂಥ ದನಿ. ಆಮೇಲೆ ರಿಸೀವರಿಗೆ ಇಬ್ಬರೂ ಕಿವಿಯಿಟ್ಟರು. ಚಕ್ರಗಳ ಸದ್ದು, ಯಾರದೋ ಕೆಮ್ಮು. ಕೇಳಿಸಿತೋ ಇಲ್ಲವೋ ಎಂದು ದಿಗಿಲಾಗಿ ಅವನು ಮತ್ತೆ ಗುಂಡಿ ಒತ್ತಿದ. ಯಂತ್ರ ಅದೇ ಮಾತನ್ನು ಮೊದಲಿಂದ ಹೇಳಿತು.

“ಸಾಕು ಬಿಡೋ,” ಅಣ್ಣನ ದನಿ ಸೋತಿತ್ತು. “ಒಂದ್ಸಲಕ್ಕೇ ಕೇಳಿಸ್ತು. ನಾನೂ ನಿನ್ನ ಒಂದು ಮಾತು ಕೇಳ್ಬೇಕಿತ್ತು ಅವತ್ತು. ಹೋಗಿ ಬರ್ತೀನಿ.”

ಫೋನು ಕಟ್ಟಾಯಿತು.

ಆ ಮೇಲಿನ ಹೊತ್ತು ಇಬ್ಬರೂ ಅಲ್ಲಿಂದ ಏಳಲಿಲ್ಲ. ಅವಳು ತಗಡು ಮುಚ್ಚುತ್ತೇನೆಂದರೂ ಅವನು ಬಿಡಲಿಲ್ಲ. ಆರಿಸಿದರೆ ಮತ್ತೆ ಹತ್ತುತ್ತದೋ ಇಲ್ಲವೋ ಎಂಬ ಭಯ. ಬೀದಿಯಲ್ಲಿ ಅಂಗಡಿಯ ದೀಪಗಳು ಹೊತ್ತಿಕೊಂಡ ಮೇಲೆ ಫೋನು ಬಂತು. ಓರಗಿತ್ತಿ ಅಳುತ್ತಿದ್ದಳು.

“ಕಣ್ಣು ಬಿಟ್ರು ಕಣೇ. ನೀರು ಕೇಳಿದ್ರು.”

ಅವಳು ತಿರುಗಿ ಹೇಳುವ ಮೊದಲೇ ಅವನಿಗೆ ಅವಳ ಮುಖ ನೋಡಿ ಗೊತ್ತಾಗಿತ್ತು. ಎರಡೂ ಅಂಗೈಯಲ್ಲಿ ಮುಖ ಒರೆಸಿಕೊಂಡ. ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡ.

“ಊಟ ಹಾಕೇ. ಬೆಳಿಗ್ಗೆಯಿಂದ ಇಬ್ರೂ ಏನೂ ತಿಂದಿಲ್ಲ,” ಅಂದಿತು ಕಂಪ್ಯೂಟರು.